ಒಳಗೆ ಕರೆಯಲು ಎಷ್ಟು ಖರ್ಚಾಗುತ್ತದೆ?

ದಕ್ಷಿಣ ಕನ್ನಡದ ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ಮಳೆಗೂ ಕೊರತೆಯಿಲ್ಲ, ಸಂಘಸಂಸ್ಥೆಗೂ ಕೊರತೆಯಿಲ್ಲ. ಯುವಕ ಮಂಡಲ, ಮಹಿಳಾ ಮಂಡಲ, ಭಜನಾ ಮಂದಿರ, ಸೇವಾ ಟ್ರಸ್ಟ್, ರೋಟರಿ, ಲಯನ್ಸ್, ಹಾಲಿನ ಸೊಸೈಟಿ, ಕೃಷಿ ಪತ್ತಿನ ಸಹಕಾರಿ ಸಂಘ ಎಂದು ಒಂದೊಂದು ಗ್ರಾಮದಲ್ಲೂ ಪಟ್ಟಿ ಉದ್ದವಾಗುತ್ತದೆ. ಇವುಗಳ ವೇದಿಕೆಯಲ್ಲಿ ಈಚೆಗೆ ಹೊಸ ಮಾತೊಂದು ಕೇಳುತ್ತಿದೆ: ಎಲ್ಲರನ್ನೂ ಒಳಗೊಳ್ಳುವ ನಾಯಕತ್ವ. ಹಿಂದುಳಿದವರ ಜೊತೆ ನಿಲ್ಲಬೇಕು, ಅವರ ದನಿಯೂ ಕೇಳಬೇಕು ಎನ್ನುತ್ತಾರೆ. ಚಪ್ಪಾಳೆ ಬೀಳುತ್ತದೆ. ಆಮೇಲೆ ಆ ಸಂಸ್ಥೆಯ ಆಯವ್ಯಯ ಪತ್ರ ತೆಗೆದು ನೋಡಿದರೆ ಈ ಬಾಬ್ತಿಗೆ ಒಂದು ಸಾಲೂ ಇರುವುದಿಲ್ಲ.

ಮನಸ್ಸು ದೊಡ್ಡದಾಗಿದೆಯೋ ಇಲ್ಲವೋ ಎಂದು ಅಳೆಯಲು ನನ್ನಲ್ಲಿ ಸಾಧನವಿಲ್ಲ. ಖರ್ಚನ್ನು ಅಳೆಯಬಹುದು. ಹಾಗಾಗಿ ಈ ಬರಹ ಬರೀ ಲೆಕ್ಕದ್ದು. ಕಾನೂನು ಮತ್ತು ಸರ್ಕಾರ ನಿಗದಿ ಮಾಡಿದ ಅಂಕಿಗಳನ್ನು ಹಾಗೆಯೇ ಕೊಟ್ಟಿದ್ದೇನೆ. ಕಲ್ಲು, ಸಿಮೆಂಟು, ಮೇಸ್ತ್ರಿಯ ಕೂಲಿ ಮುಂತಾದ ಉಳಿದ ದರಗಳು ನನ್ನ ಅಂದಾಜು. ನಿಮ್ಮೂರಿನ ಮೇಸ್ತ್ರಿ ಹೇಳುವ ದರವನ್ನು ಅಲ್ಲಿ ಹಾಕಿಕೊಳ್ಳಿ, ಕೊನೆಯ ಮೊತ್ತ ಹೆಚ್ಚೇನೂ ಕದಲುವುದಿಲ್ಲ.

ಮೊದಲು ಜನಸಂಖ್ಯೆ. 2011ರ ಜನಗಣತಿಯ ಹೊತ್ತಿಗೆ ಕಡಬ ಬೇರೆ ತಾಲೂಕಾಗಿರಲಿಲ್ಲ. ಪುತ್ತೂರು ಮತ್ತು ಸುಳ್ಯದ ಗ್ರಾಮಗಳನ್ನು ತೆಗೆದು ಅದನ್ನು ಕಟ್ಟಿದ್ದು ಆಮೇಲೆ. ಆಗಿನ ಪುತ್ತೂರು ತಾಲೂಕಿನಲ್ಲಿ ಸುಮಾರು 2.88 ಲಕ್ಷ, ಸುಳ್ಯದಲ್ಲಿ ಸುಮಾರು 1.45 ಲಕ್ಷ, ಒಟ್ಟು 4.33 ಲಕ್ಷ ಜನ. ದಕ್ಷಿಣ ಕನ್ನಡದಲ್ಲಿ 1,000 ಗಂಡಸರಿಗೆ 1,020 ಹೆಂಗಸರು, ಅಂದರೆ ಅರ್ಧಕ್ಕಿಂತ ಒಂದಿಷ್ಟು ಜಾಸ್ತಿ. ಅದೇ ಗಣತಿಯ ಪ್ರಕಾರ ರಾಜ್ಯದ ಜನರಲ್ಲಿ ಅಂಗವೈಕಲ್ಯ ಇರುವವರು ಶೇ. 2.17. ಆ ಸರಾಸರಿಯನ್ನು ಇಲ್ಲಿಗೆ ಹಿಡಿದರೆ ಮೂರು ತಾಲೂಕಿನಲ್ಲಿ 9,400 ಮಂದಿ ಆಗುತ್ತಾರೆ. ಆ ಗಣತಿಯಲ್ಲಿ ವೈಕಲ್ಯಕ್ಕೆ ಇದ್ದದ್ದು ಎಂಟೇ ಕಾಲಂ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯನ್ನು ಗುರುತಿಸುತ್ತದೆ. ಹೀಗಾಗಿ 9,400 ಎನ್ನುವುದು ಕೆಳಮಟ್ಟದ ಅಂಕಿ.

ಕುರ್ಚಿಯ ಲೆಕ್ಕ

ಒಂದೇ ಗ್ರಾಮದ ಮೂರು ಕಟ್ಟಡಗಳನ್ನು ನೋಡೋಣ. ಒಂದು ಗ್ರಾಮ ಪಂಚಾಯತ್. ಅಲ್ಲಿ ಅರ್ಧ ಸ್ಥಾನ ಮಹಿಳೆಯರಿಗೆ ಮೀಸಲು. ಪಕ್ಕದಲ್ಲೇ ಸಹಕಾರಿ ಸಂಘ. ಅಲ್ಲಿನ ನಿರ್ದೇಶಕ ಮಂಡಳಿಯಲ್ಲಿ ಸಾಮಾನ್ಯವಾಗಿ 12 ಸ್ಥಾನ. ಅದರಲ್ಲಿ ಮಹಿಳೆಯರಿಗೆ ಎರಡು, ಪರಿಶಿಷ್ಟ ಜಾತಿಗೆ ಒಂದು, ಪರಿಶಿಷ್ಟ ಪಂಗಡಕ್ಕೆ ಒಂದು, ಹಿಂದುಳಿದ ವರ್ಗ ‘ಎ’ ಮತ್ತು ‘ಬಿ’ಗೆ ಒಂದೊಂದು. ಹನ್ನೆರಡರಲ್ಲಿ ಎರಡೆಂದರೆ ಶೇ. 17ಕ್ಕೂ ಸ್ವಲ್ಪ ಕಡಿಮೆ. ರಸ್ತೆಯ ಆಚೆ ಬದಿಯಲ್ಲಿ ಒಂದು ಸೇವಾ ಟ್ರಸ್ಟ್. ಅಲ್ಲಿ ಮೀಸಲಾತಿಯ ಕಡ್ಡಾಯವೇ ಇಲ್ಲ. ಟ್ರಸ್ಟಿಗಳು ತಮಗೆ ಸರಿ ಕಂಡವರನ್ನು ಸೇರಿಸಿಕೊಳ್ಳುತ್ತಾರೆ; ಸರಿ ಕಾಣುವವರು ಬಹುಪಾಲು ಅವರ ಹಾಗೆಯೇ ಇರುವವರು.

ವಿಚಿತ್ರವೇನೆಂದರೆ, ಬಡವರ, ಅಂಗವಿಕಲರ, ಹೆಂಗಸರ ಸೇವೆಗೆಂದೇ ಹುಟ್ಟಿದ್ದು ಮೂರನೆಯ ಕಟ್ಟಡ. ರಸ್ತೆ, ಚರಂಡಿ ನೋಡಿಕೊಳ್ಳಲು ಹುಟ್ಟಿದ್ದು ಮೊದಲನೆಯದು.

ಸಹಕಾರಿ ರಂಗದ ಈ ಎರಡು ಸ್ಥಾನವೂ ತಾನಾಗಿ ಬಂದದ್ದಲ್ಲ. ಪುತ್ತೂರು ಮೊಳಹಳ್ಳಿ ಶಿವರಾಯರು ಸಹಕಾರ ಚಳವಳಿ ಕಟ್ಟಿದ ಊರು. ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕಿನ ಹುಟ್ಟು 1914ಕ್ಕೆ ಹೋಗುತ್ತದೆ. ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಅಡಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋ ಶುರುವಾದದ್ದು 1973ರಲ್ಲಿ, ಪುತ್ತೂರಿನ ಚಾಕಲೇಟ್ ಕಾರ್ಖಾನೆ 1986ರಲ್ಲಿ. ಆದರೆ ಸಹಕಾರಿ ಮಂಡಳಿಗಳಲ್ಲಿ ಇಬ್ಬರು ಮಹಿಳೆಯರು, ಪರಿಶಿಷ್ಟರಿಂದ ಒಬ್ಬರು ಇರಲೇಬೇಕು ಎಂದು ಸಂವಿಧಾನದ 97ನೇ ತಿದ್ದುಪಡಿ ಹೇಳಿದ್ದು 2011ರಲ್ಲಿ. ರಾಜ್ಯದೊಳಗಿನ ಸಂಘಗಳ ಮಟ್ಟಿಗೆ ಆ ಭಾಗವನ್ನು ಸುಪ್ರೀಂ ಕೋರ್ಟ್ 2021ರಲ್ಲಿ ರದ್ದು ಮಾಡಿತು. ಒಂದಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ನಡೆಯುವ ಸಂಘಗಳಿಗೆ ಅದು ಉಳಿಯಿತು. ನಮ್ಮ ಕೃಷಿ ಪತ್ತಿನ ಸಂಘಗಳಲ್ಲಿ ಸ್ಥಾನ ಉಳಿದಿರುವುದು ರಾಜ್ಯದ ಸಹಕಾರ ಕಾಯ್ದೆಯಿಂದ. ಕಾನೂನು ಬಂದು ಕುರ್ಚಿ ಹಾಕಿದ ಮೇಲೆ ಹೆಂಗಸರು ಕೂತರು. ಹೊರಗಿನ ದೊಡ್ಡ ಸೇವಾ ಸಂಸ್ಥೆಗಳ ಕಥೆಯೂ ಬೇರೆಯಲ್ಲ. 1905ರಲ್ಲಿ ಹುಟ್ಟಿದ ರೋಟರಿಗೆ ಅಮೆರಿಕದ ಸುಪ್ರೀಂ ಕೋರ್ಟಿನ 1987ರ ತೀರ್ಪಿನ ನಂತರವೇ ಹೆಂಗಸರಿಗೆ ಬಾಗಿಲು ತೆರೆಯಲು ಮನಸ್ಸಾಯಿತು. ಅಂತರರಾಷ್ಟ್ರೀಯ ಅಧ್ಯಕ್ಷ ಸ್ಥಾನದಲ್ಲಿ ಮೊದಲ ಮಹಿಳೆ ಕೂತದ್ದು 2022ರಲ್ಲಿ, 117 ವರ್ಷಕ್ಕೆ.

ಗೌರವ ಸೇವೆ ಎಂಬ ಪ್ರವೇಶ ಶುಲ್ಕ

ಕುರ್ಚಿ ಹಾಕಿದರೆ ಕೆಲಸ ಮುಗಿಯಿತೇ? ಇಲ್ಲ, ಅಲ್ಲಿಗೆ ಬಂದು ಕೂರಲು ಒಂದು ಖರ್ಚಿದೆ. ಅದನ್ನು ಯಾರೂ ಬರೆದಿಡುವುದಿಲ್ಲ.

ಟ್ರಸ್ಟಿನ ಕಾರ್ಯಕಾರಿ ಸಮಿತಿಯ ಸಭೆ ಎಂದಿಟ್ಟುಕೊಳ್ಳಿ. ಸಂಜೆ ಆರೂವರೆಗೆ, ಪೇಟೆಯ ಕಟ್ಟಡದ ಮೇಲಿನ ಮಾಳಿಗೆಯಲ್ಲಿ. ಅಂಗಡಿಯವರಿಗೆ, ವಕೀಲರಿಗೆ, ನಿವೃತ್ತ ಮೇಷ್ಟ್ರಿಗೆ ಆ ಹೊತ್ತು ಅನುಕೂಲ. ಸ್ಕೂಟರೋ ಕಾರೋ ಇದೆ, ಎಂಟೂವರೆಗೆ ಮನೆಗೆ ಹೋಗುತ್ತಾರೆ. ಅಡಕೆ ಸುಲಿಯಲು ಹೋಗುವ ಹೆಂಗಸಿಗೆ ಅದೇ ಸಭೆ ಏನಾಗುತ್ತದೆ ನೋಡಿ. ಪೇಟೆಗೆ ಇಳಿಯಬೇಕಾದರೆ ನಾಲ್ಕು ಗಂಟೆಗೆ ಕೆಲಸ ಬಿಡಬೇಕು, ಅರ್ಧ ದಿನದ ಕೂಲಿ ಹೋಯಿತು. ಒಳಗಿನ ಗ್ರಾಮಗಳಿಗೆ ಸಂಜೆಯ ಬಸ್ಸು ತಪ್ಪಿದರೆ ಮತ್ತೆ ಆಟೋವೇ. ‘ಅಕ್ಕ, ನೀವೂ ಸಮಿತಿಯಲ್ಲಿ ಇರಬೇಕು’ ಎಂದು ಅಧ್ಯಕ್ಷರು ಪ್ರೀತಿಯಿಂದಲೇ ಕರೆಯುತ್ತಾರೆ. ಎರಡು ಸಭೆಗೆ ಬರುತ್ತಾರೆ, ಮೂರನೆಯದಕ್ಕೆ ಬರುವುದಿಲ್ಲ. ‘ಕರೆದರೂ ಬರುವುದಿಲ್ಲ, ಆಸಕ್ತಿ ಇಲ್ಲ’ ಎಂದು ನಡಾವಳಿ ಪುಸ್ತಕದ ಹೊರಗೆ ಒಂದು ಷರಾ ಬೀಳುತ್ತದೆ.

2025-26ಕ್ಕೆ ಕರ್ನಾಟಕದಲ್ಲಿ ಉದ್ಯೋಗ ಖಾತರಿ ಯೋಜನೆಯ ದಿನಗೂಲಿ 370 ರೂಪಾಯಿ. ತೋಟದ ಕೂಲಿ ಅದಕ್ಕಿಂತ ಹೆಚ್ಚೇ ಇದೆ, ಆದರೂ ಈ ಕೆಳ ದರವನ್ನೇ ಹಿಡಿಯೋಣ. ಅರ್ಧ ದಿನದ ಕೂಲಿಗೆ ಆಟೋದ ಬಾಡಿಗೆ ಸೇರಿ ಸಭೆಗೊಂದು ದಿನದ ಕೂಲಿ ಹೋಯಿತೆಂದು ಹಿಡಿದರೆ, ವರ್ಷಕ್ಕೆ ಆರು ಸಭೆಗೆ 2,220 ರೂಪಾಯಿ. ಅಷ್ಟು ಹಣ ಕಳೆದುಕೊಳ್ಳಲು ಸಿದ್ಧರಿರುವವರಿಗೆ ಮಾತ್ರ ಆ ಸಮಿತಿಯಲ್ಲಿ ಜಾಗ. ನಾವು ಹೆಮ್ಮೆಯಿಂದ ಹೇಳುವ ‘ಗೌರವ ಸೇವೆ, ಒಂದು ರೂಪಾಯಿ ತೆಗೆದುಕೊಳ್ಳುವುದಿಲ್ಲ’ ಎಂಬ ಮಾತು ಉಳ್ಳವರಿಗೆ ತ್ಯಾಗ, ಇಲ್ಲದವರಿಗೆ ಪ್ರವೇಶ ಶುಲ್ಕ. ನನ್ನ ಲೆಕ್ಕದಲ್ಲಿ ದತ್ತಿ ಸಂಸ್ಥೆಗಳ ಆಡಳಿತ ಒಂದೇ ಬಗೆಯ ಜನರ ಕೈಯಲ್ಲಿ ಉಳಿಯಲು ದೊಡ್ಡ ಕಾರಣ ಜಾತಿಯ ಬಿಗುಮಾನವೋ ಗಂಡಸುತನವೋ ಮಾತ್ರವಲ್ಲ, ಈ ಶುಲ್ಕವೂ ಹೌದು. ಬಿಗುಮಾನ ಹೋಗಲು ತಲೆಮಾರು ಬೇಕು. ಶುಲ್ಕ ತೆಗೆಯಲು ಒಂದು ಠರಾವು ಸಾಕು.

ಪಂಚಾಯತಿನಲ್ಲಿ ಇದನ್ನು ಅರ್ಥ ಮಾಡಿಕೊಂಡಿದ್ದಾರೆ. 2022ರ ಕೊನೆಗೆ ಸದಸ್ಯರ ಗೌರವಧನವನ್ನು ತಿಂಗಳಿಗೆ 1,000ದಿಂದ 2,000ಕ್ಕೆ, ಅಧ್ಯಕ್ಷರದ್ದನ್ನು 3,000ದಿಂದ 6,000ಕ್ಕೆ ಏರಿಸಿದರು. ಸಹಕಾರಿ ಸಂಘದ ನಿರ್ದೇಶಕರಿಗೆ ಸಭಾಭತ್ಯೆ ಇದೆ. ಟ್ರಸ್ಟಿನಲ್ಲಿ ಕೇಳಿದರೆ ‘ಆದಾಯ ತೆರಿಗೆಯವರು ಬಿಡುವುದಿಲ್ಲ’ ಎಂಬ ಉತ್ತರ ಬರುತ್ತದೆ. ತೆರಿಗೆ ಕಾನೂನು ತಡೆಯುವುದು ಟ್ರಸ್ಟಿಗಳ ಜೇಬಿಗೆ ಮಿತಿಮೀರಿ ಹಣ ಹೋಗುವುದನ್ನು. ಬಂದು ಹೋಗುವ ಖರ್ಚನ್ನೂ ತಕ್ಕಷ್ಟು ಭತ್ಯೆಯನ್ನೂ ಅಲ್ಲ. ನಿಮ್ಮ ಟ್ರಸ್ಟ್ ಪತ್ರದಲ್ಲೇ ನಿಷೇಧ ಬರೆದಿದ್ದರೆ ಬೇರೆ ಮಾತು. ಆಗ ಸಮಿತಿಗೆ ಒಂದು ಸಲಹಾ ಮಂಡಳಿ ಕಟ್ಟಿ ಅಲ್ಲಿ ಭತ್ಯೆ ಕೊಡಬಹುದು.

ಈ ಜಿಲ್ಲೆಯಲ್ಲಿ ಇದಕ್ಕೆ ಹಳೆಯ ಮೇಲ್ಪಂಕ್ತಿಯೂ ಇದೆ. ಮಂಗಳೂರಿನ ವಕೀಲ ಕುದ್ಮುಲ್ ರಂಗರಾಯರು ದಲಿತ ಮಕ್ಕಳಿಗೆ ಶಾಲೆ ತೆರೆದು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಶಾಲೆಗೆ ಬಂದ ಮಗುವಿಗೆ ದಿನಕ್ಕೆ ಎರಡು ಪೈಸೆ ಕೊಡುತ್ತಿದ್ದರು ಎಂದು ಅವರ ಬದುಕಿನ ಬಗ್ಗೆ ಬರೆದವರು ಹೇಳುತ್ತಾರೆ. ಮಗು ಶಾಲೆಗೆ ಹೋದರೆ ಮನೆಗೆ ಒಂದು ಜೊತೆ ಕೈ ಕಡಿಮೆಯಾಗುತ್ತದೆ, ಆ ನಷ್ಟ ತುಂಬದೆ ‘ಬನ್ನಿ’ ಎಂದರೆ ಯಾರೂ ಬರುವುದಿಲ್ಲ ಎನ್ನುವುದು ಆ ಸಾರಸ್ವತ ಬ್ರಾಹ್ಮಣರಿಗೆ ಹೊಳೆದಿತ್ತು. ಅದಕ್ಕಾಗಿ ಸ್ವಜಾತಿಯ ಬಹಿಷ್ಕಾರವನ್ನೂ ಉಂಡರು. ಈಗಿನ ನಮ್ಮ ಟ್ರಸ್ಟುಗಳು ಅವರ ಫೋಟೋಕ್ಕೆ ಹಾರ ಹಾಕುತ್ತವೆ, ಎರಡು ಪೈಸೆಯ ವಿಷಯ ಎತ್ತುವುದಿಲ್ಲ.

ಸಭೆಯ ಹೊತ್ತು ಬದಲಿಸಲು ಖರ್ಚು ಸೊನ್ನೆ. ಮಧ್ಯಾಹ್ನ ಮೂರು ಗಂಟೆಗೆ ಇಟ್ಟರೆ ಹೆಂಗಸರಿಗೆ ಹೋಗಿಬರುವ ಟಿಕೆಟ್ಟಿಗೂ ಹಣ ಬೇಡ. ಶಕ್ತಿ ಯೋಜನೆಯಡಿ 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಅವರಿಗೆ ಉಚಿತ ಪ್ರಯಾಣ. ಮಂಗಳೂರು, ಉಡುಪಿಯ ಕಡೆ ಖಾಸಗಿ ಬಸ್ಸುಗಳದ್ದೇ ರಾಜ್ಯಭಾರವಾದ್ದರಿಂದ ಆ ಯೋಜನೆಯ ಲಾಭ ಅಲ್ಲಿ ಕಡಿಮೆ. ನಮ್ಮಲ್ಲಿ ಹಾಗಲ್ಲ, ಕೆಎಸ್‌ಆರ್‌ಟಿಸಿಯ ಪುತ್ತೂರು ವಿಭಾಗ, ಪುತ್ತೂರು ಮತ್ತು ಸುಳ್ಯದ ಡಿಪೋಗಳು ಈ ಮೂರು ತಾಲೂಕಿನ ಬೆನ್ನೆಲುಬು. ಅಂಗವಿಕಲರಿಗೆ ವರ್ಷಕ್ಕೆ 660 ರೂಪಾಯಿಯ ಪಾಸು, ವಾಸಸ್ಥಳದಿಂದ 100 ಕಿಲೋಮೀಟರ್‌ವರೆಗೆ. ಸರ್ಕಾರ ಟಿಕೆಟ್ಟಿನ ಹಣ ಆಗಲೇ ಕೊಟ್ಟಾಗಿದೆ. ನಾವು ಬಸ್ಸಿಲ್ಲದ ಹೊತ್ತಿಗೆ ಸಭೆ ಕರೆಯುತ್ತೇವೆ.

ಮೂರು ಗಂಟೆ ರಬ್ಬರ್ ಟ್ಯಾಪಿಂಗ್‌ನವರಿಗೂ ಒಗ್ಗುತ್ತದೆ. ಅವರ ಕೆಲಸ ನಸುಕಿಗೆ ಶುರುವಾಗಿ ಮಧ್ಯಾಹ್ನದ ಹೊತ್ತಿಗೆ ಮುಗಿದಿರುತ್ತದೆ. ಅವರಲ್ಲಿ ಹಲವರು ಶ್ರೀಲಂಕಾದಿಂದ ಬಂದ ತಮಿಳರು. 1964ರ ಅಕ್ಟೋಬರಿನ ಸಿರಿಮಾವೋ-ಶಾಸ್ತ್ರಿ ಒಪ್ಪಂದದಲ್ಲಿ ಭಾರತ 5,25,000 ಮಂದಿಯನ್ನು ಶ್ರೀಲಂಕಾದಿಂದ ಕರೆಸಿಕೊಳ್ಳಲು ಒಪ್ಪಿತು. 1974ರಲ್ಲಿ ಇನ್ನೂ 75,000 ಸೇರಿತು. ಹಾಗೆ ಬಂದ ತಮಿಳು ಕುಟುಂಬಗಳಲ್ಲಿ ಕೆಲವಕ್ಕೆ ಸುಳ್ಯ, ಪುತ್ತೂರು, ಸುಬ್ರಹ್ಮಣ್ಯದ ಕಡೆ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟದಲ್ಲಿ ಕೆಲಸ ಸಿಕ್ಕಿತು. ಅರ್ಧ ಶತಮಾನದಿಂದ ಇಲ್ಲೇ ಇದ್ದಾರೆ. ಜಾತಿ ಪ್ರಮಾಣಪತ್ರಕ್ಕೆ ದಶಕಗಳ ಕಾಲ ಅಲೆದಿದ್ದಾರೆ, ಮತ್ತು ಆ ಕಾಗದವಿಲ್ಲದೆ ಸಂಘದ ಮೀಸಲು ಸ್ಥಾನಕ್ಕೆ ನಾಮಪತ್ರ ಹಾಕಲಾಗುವುದಿಲ್ಲ. ತುಳು, ಅರೆಭಾಷೆ, ಬ್ಯಾರಿ, ಹವ್ಯಕ, ಕೊಂಕಣಿ, ಮಲಯಾಳ ಎಲ್ಲ ಕೇಳಿಸುವ ಪೇಟೆಯಲ್ಲಿ ಸಂಸ್ಥೆಯ ನೋಟಿಸು ಮಾತ್ರ ಕಚೇರಿಯ ಕನ್ನಡದಲ್ಲಿ. ಒಂದು ನೋಟಿಸನ್ನು ತಮಿಳಿನಲ್ಲೂ ಬರೆಯಿಸಿ ಜೆರಾಕ್ಸ್ ಮಾಡಿಸಿದರೆ ಪ್ರತಿಗೆ ಎರಡು ರೂಪಾಯಿ. ಓದು ಬಾರದವರಿಗೆ ವಾಟ್ಸ್ಆ್ಯಪ್‌ನಲ್ಲಿ ತುಳುವಿನಲ್ಲೇ ದನಿ ಸಂದೇಶ ಕಳಿಸಿದರೆ ಅದೂ ಇಲ್ಲ.

ಮೂರು ಮೆಟ್ಟಿಲು, ಹದಿನೆಂಟು ಅಡಿ

ಇನ್ನು ಕಟ್ಟಡ. ಇಲ್ಲಿ ಕಲ್ಲು, ಸಿಮೆಂಟಿನ ಲೆಕ್ಕವೇ ಬೇಕು.

ಗಾಲಿಕುರ್ಚಿ ಹತ್ತುವ ಇಳಿಜಾರಿನ ಅಳತೆ 1ಕ್ಕೆ 12: ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ. ನಮ್ಮ ಕಚೇರಿಗಳ ಜಗಲಿಗೆ ಮಳೆನೀರು ಬಾರದಿರಲೆಂದು ಸಾಮಾನ್ಯವಾಗಿ ಆರಾರು ಇಂಚಿನ ಮೂರು ಮೆಟ್ಟಿಲು ಇರುತ್ತವೆ, ಒಂದೂವರೆ ಅಡಿ. ಅಂದರೆ 18 ಅಡಿ ಉದ್ದ, 4 ಅಡಿ ಅಗಲದ ಇಳಿಜಾರು ಬೇಕು. ಅನೇಕ ಕಡೆ ‘ರ್‍ಯಾಂಪ್ ಇದೆ’ ಎಂದು ತೋರಿಸುವುದು ಐದೋ ಆರೋ ಅಡಿ ಉದ್ದದ ಕಡಿದಾದ ಸಿಮೆಂಟ್ ಇಳಿಜಾರು. ಅದು ಬೈಕ್ ಹತ್ತಿಸಲು ಅನುಕೂಲ. ಗಾಲಿಕುರ್ಚಿಯವರು ಅದರಲ್ಲಿ ಹಿಂದಕ್ಕೆ ಜಾರುತ್ತಾರೆ, ಮಳೆಗಾಲದಲ್ಲಿ ಹಾವಸೆ ಹಿಡಿದ ಮೇಲಂತೂ ನಡೆದು ಬರುವವರೂ ಜಾರುತ್ತಾರೆ.

ಎರಡೂ ಬದಿಗೆ ಕೆಂಪುಕಲ್ಲು ಕಟ್ಟಿ ನಡುವೆ ಮಣ್ಣು ತುಂಬಿಸಿ ಮೇಲೆ ಕಾಂಕ್ರೀಟು ಹಾಕಿದರೆ ಹೀಗಾಗುತ್ತದೆ: ಕಲ್ಲು 50, ತಲಾ 50 ರೂಪಾಯಿಯಂತೆ 2,500. ಸಿಮೆಂಟು ಏಳು ಚೀಲ, 400ರಂತೆ 2,800. ಜಲ್ಲಿ, ಎಂ-ಸ್ಯಾಂಡ್, ಬಾಡಿಗೆ ಸೇರಿ 5,000. ಮೇಸ್ತ್ರಿ ನಾಲ್ಕು ದಿನ, 1,100ರಂತೆ 4,400. ಇಬ್ಬರು ಆಳು ನಾಲ್ಕು ದಿನ, 800ರಂತೆ 6,400. ಎರಡೂ ಬದಿ ಕೈಹಿಡಿ ಪೈಪು 36 ಅಡಿ, ವೆಲ್ಡಿಂಗ್ ಸೇರಿ ಅಡಿಗೆ 450ರಂತೆ 16,200. ಒಟ್ಟು 37,300. ಪೈಪಿನ ಬಾಬ್ತು ಉಳಿದ ಪ್ರತಿಯೊಂದಕ್ಕಿಂತ ದೊಡ್ಡದು, ಅದಕ್ಕೇ ಎಲ್ಲರೂ ಮೊದಲು ಬಿಡುವುದು ಅದನ್ನೇ. ವಾಕರ್ ಹಿಡಿದು ಬರುವ ಅಜ್ಜನಿಗೆ ಬೇಕಾದದ್ದು ಮುಖ್ಯವಾಗಿ ಆ ಪೈಪು. ಶೌಚಾಲಯದ ಬಾಗಿಲನ್ನು ಮೂರು ಅಡಿಗೆ ಅಗಲಿಸಿ, ಕಮೋಡು, ಗೋಡೆಗೆ ಹಿಡಿಕೆ ಹಾಕಿಸಲು ಇನ್ನೊಂದು 25,000 ಹಿಡಿಯಿರಿ. 62,300 ಆಯಿತು. ಹತ್ತು ವರ್ಷ ಬಾಳುವ ಕೆಲಸ, ವರ್ಷಕ್ಕೆ 6,230.

ಸಭೆಯ ಕೋಣೆ ಮಾಳಿಗೆಯಲ್ಲಿದ್ದರೆ? ಇಪ್ಪತ್ತು ಮೆಟ್ಟಿಲು, ಹತ್ತು ಅಡಿ ಎತ್ತರ, 120 ಅಡಿ ಇಳಿಜಾರು. ಯಾರಿಂದಲೂ ಆಗುವ ಮಾತಲ್ಲ. ಕೆಳಗಿನ ಅಂಗಡಿ ಕೋಣೆಯಲ್ಲಿ, ಶಾಲೆಯ ತರಗತಿಯಲ್ಲಿ, ಮಂದಿರದ ಅಂಗಳದಲ್ಲಿ ಸಭೆ ಇಡಿ. ಖರ್ಚು ಮತ್ತೆ ಸೊನ್ನೆ.

ಇದೇ ಸಂಸ್ಥೆಯ ಸವಲತ್ತು ವಿತರಣಾ ಸಮಾರಂಭದ ಖರ್ಚನ್ನೂ ಪಕ್ಕದಲ್ಲಿಡೋಣ, ಇದೂ ಅಂದಾಜು. 200 ಮಂದಿಗೆ ತಲಾ 120ರ ಊಟ, 24,000. ಶಾಮಿಯಾನ, ಕುರ್ಚಿ, ಮೈಕು 12,000. ಎಂಟು ಅತಿಥಿಗಳಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆ ತಲಾ 800ರಂತೆ 6,400. 42,400 ಆಯಿತು, ಫ್ಲೆಕ್ಸು ಬೇರೆ. (ಪ್ಲಾಸ್ಟಿಕ್ ಫ್ಲೆಕ್ಸಿಗೆ ರಾಜ್ಯದಲ್ಲಿ 2016ರಿಂದ ನಿಷೇಧವಿದೆ ಎನ್ನುವುದು ಫ್ಲೆಕ್ಸ್ ಹಾಕುವವರಿಗೂ ಗೊತ್ತು.) ಒಂದು ಮಧ್ಯಾಹ್ನದ ಸಮಾರಂಭ ಒಂದು ಇಳಿಜಾರಿಗಿಂತ ದುಬಾರಿ. ಆ ಸಮಾರಂಭದಲ್ಲಿ ಗಾಲಿಕುರ್ಚಿ ಪಡೆಯುವವರನ್ನು ನಾಲ್ಕು ಜನ ಎತ್ತಿ ವೇದಿಕೆಗೆ ಹತ್ತಿಸುತ್ತಾರೆ, ಫೋಟೋ ಆಗುತ್ತದೆ, ಎತ್ತಿ ಇಳಿಸುತ್ತಾರೆ.

ತಾಯಿಯ ದುಡಿಮೆಯ ದಿನ

ಗಾಲಿಕುರ್ಚಿಯ ವಿಷಯ ಬಂದದ್ದರಿಂದ ಇನ್ನೊಂದು. ನಮ್ಮಲ್ಲಿ ಮನೆಗಳು ಬಯಲುಸೀಮೆಯ ಹಾಗೆ ಒತ್ತೊತ್ತಾಗಿಲ್ಲ. ರಸ್ತೆಯಿಂದ ಗುಡ್ಡ ಇಳಿದು, ತೋಡಿಗೆ ಹಾಕಿದ ಅಡಕೆ ಮರದ ಪಾಲ ದಾಟಿ, ತೋಟದ ನಡುವೆ ಒಂದು ಮನೆ. ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ. ಸಮಾರಂಭದಲ್ಲಿ ಕೊಟ್ಟ ಗಾಲಿಕುರ್ಚಿ ಅಂಗಳ ದಾಟುವುದಿಲ್ಲ. ಎರಡನೆಯ ಮಳೆಗಾಲದ ಹೊತ್ತಿಗೆ ಅದರ ಚಕ್ರದ ಕಡ್ಡಿಗಳಿಗೆ ತುಕ್ಕು ಹಿಡಿದು, ಸೀಟಿನ ಮೇಲೆ ಒಣಹಾಕಿದ ಬಟ್ಟೆಯೋ ಗೋಣಿಯೋ ಇರುತ್ತದೆ. ಕೊಡುವ ಮೊದಲು ‘ನಿಮಗೇನು ಬೇಕು’ ಎಂದು ಕೇಳಿದ್ದರೆ ಬಹಳ ಮನೆಗಳಲ್ಲಿ ಬೇರೆಯೇ ಉತ್ತರ ಸಿಗುತ್ತಿತ್ತು.

ಏನು ಉತ್ತರ ಸಿಗಬಹುದು ಎಂಬುದಕ್ಕೆ ಎಂಡೋಸಲ್ಫಾನ್ ಪೀಡಿತ ಕುಟುಂಬಗಳನ್ನು ನೋಡಬೇಕು. ಗೇರು ಅಭಿವೃದ್ಧಿ ನಿಗಮದ ತೋಟಗಳಿಗೆ 1980ರ ದಶಕದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಆ ವಿಷವನ್ನು ಸುಪ್ರೀಂ ಕೋರ್ಟ್ ದೇಶದಲ್ಲಿ ತಡೆದದ್ದು 2011ರ ಮೇ 13ರಂದು. ಪಕ್ಕದ ಬೆಳ್ತಂಗಡಿಯ ಕೊಕ್ಕಡ, ಪಟ್ರಮೆಯಿಂದ ಕಡಬದ ಕೊಯಿಲದವರೆಗೆ ಮಲಗಿದಲ್ಲೇ ಬೆಳೆದ ಮಕ್ಕಳಿದ್ದಾರೆ. ರಾಜ್ಯ ಸರ್ಕಾರ ಹಿಂದೆ ನಿಗದಿ ಮಾಡಿದ್ದ ಮಾಸಾಶನ ಶೇ. 25ರಿಂದ 60 ವೈಕಲ್ಯಕ್ಕೆ 1,500 ರೂಪಾಯಿ, ಶೇ. 60 ಮೀರಿದರೆ 3,000. ಅಂಥ ಮಗುವಿರುವ ಮನೆಯಲ್ಲಿ ಒಬ್ಬರು ದುಡಿಮೆ ಬಿಟ್ಟು ಕೂರಲೇಬೇಕು, ಹೆಚ್ಚಾಗಿ ತಾಯಿ. 370ರ ದರದಲ್ಲಿ ತಿಂಗಳಿಗೆ 22 ದಿನವೆಂದರೆ 8,140. ಆ 3,000 ಹಿಡಿದು ಲೆಕ್ಕ ಹಾಕಿದರೆ 5,140 ಖೋತಾ, ವರ್ಷಕ್ಕೆ 61,680. ಮಿದುಳಿನ ಪಾರ್ಶ್ವವಾಯು, ಮಸ್ಕ್ಯುಲರ್ ಡಿಸ್ಟ್ರೋಫಿ ಮುಂತಾದ ನಾಲ್ಕು ಸ್ಥಿತಿಗಳಲ್ಲಿ ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿ ಎಂದು 2024-25ರ ರಾಜ್ಯ ಬಜೆಟ್ ಹೇಳಿತು. ಒಳ್ಳೆಯದೇ, ಆದರೆ ಅದು ಮೂರು ದಿನದ ಕೂಲಿಯೂ ಅಲ್ಲ.

ಕೊಕ್ಕಡ ಮತ್ತು ಕೊಯಿಲದಲ್ಲಿ ಇಂಥವರಿಗೆ ಹಗಲು ಪಾಲನಾ ಕೇಂದ್ರಗಳಿವೆ. ಅವುಗಳ ಬೆಲೆಯನ್ನು ಫಲಾನುಭವಿಗಳ ತಲೆ ಎಣಿಸಿ ಹೇಳುವುದು ರೂಢಿ. ನಾನಾದರೆ ಬಿಡುವಾದ ತಾಯಂದಿರ ದುಡಿಮೆಯ ದಿನ ಎಣಿಸುತ್ತೇನೆ. ಒಂದು ಕೇಂದ್ರ ಇಪ್ಪತ್ತು ಮಕ್ಕಳನ್ನು ಬೆಳಗ್ಗೆ ಕರೆತಂದು ಸಂಜೆ ಬಿಟ್ಟರೆ, ಇಪ್ಪತ್ತು ತಾಯಂದಿರಿಗೆ ತಿಂಗಳಿಗೆ 22 ದಿನ ಸಿಕ್ಕಿತು; ವರ್ಷಕ್ಕೆ 19.5 ಲಕ್ಷ ರೂಪಾಯಿ ಆ ಮನೆಗಳಿಗೆ. 7,000 ರೂಪಾಯಿಯ ಇಪ್ಪತ್ತು ಗಾಲಿಕುರ್ಚಿ ಕೊಟ್ಟರೆ 1.4 ಲಕ್ಷ, ಒಂದು ಸಲ. ದಾನಿಗಳಿಗೆ ಕುರ್ಚಿ ಕಾಣುತ್ತದೆ, ಕೇಂದ್ರದ ವ್ಯಾನಿನ ಡೀಸೆಲ್ಲು ಕಾಣುವುದಿಲ್ಲ.

ಡೀಸೆಲ್ಲು, ಆಯಾಳ ಸಂಬಳ, ಸಭೆಯ ಭತ್ಯೆ ಇವೆಲ್ಲ ‘ಆಡಳಿತ ವೆಚ್ಚ’, ದಾನದ ಹಣದಲ್ಲಿ ಶೇ. 5 ಮೀರಬಾರದು ಎಂದು ನಂಬಿರುವವರು ಬಹಳ. ಈ ಶೇ. 5 ಬಂದದ್ದು ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ನಿಯಮದಿಂದ. ನಿಯಮ ಓದಿದರೆ ಆ ಮಿತಿ ಇರುವುದು ಕಂಪನಿ ತನ್ನ ಕಚೇರಿಯಲ್ಲಿ ಮಾಡುವ ಸಾಮಾನ್ಯ ಆಡಳಿತ ಖರ್ಚಿಗೆ. ಯೋಜನೆ ನಡೆಸಲು ನೇರವಾಗಿ ತಗಲುವ ಖರ್ಚಿಗೆ ಆ ಮಿತಿಯಿಲ್ಲ. ತಮಗಲ್ಲದ ಮಿತಿಯನ್ನು ಸಂಸ್ಥೆಗಳು ತಾವೇ ಹಾಕಿಕೊಂಡು ವ್ಯಾನು ನಿಲ್ಲಿಸಿವೆ.

ದಿನಕ್ಕೆ 200 ರೂಪಾಯಿಯ ಸದಸ್ಯೆ

ಕೆಲಸದ ಜಾಗದ ಮಾತು ಚಿಕ್ಕದು, ಏಕೆಂದರೆ ಕಾನೂನು ಸ್ಪಷ್ಟವಾಗಿದೆ. ಹತ್ತು ಅಥವಾ ಹೆಚ್ಚು ಮಂದಿ ಕೆಲಸ ಮಾಡುವಲ್ಲಿ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಲೇಬೇಕು ಎಂದು 2013ರ ಕಾಯ್ದೆ ಹೇಳುತ್ತದೆ. ಗೇರುಬೀಜದ ಕಾರ್ಖಾನೆ, ಬಟ್ಟೆ ಅಂಗಡಿ, ಆಸ್ಪತ್ರೆ, ಶಾಲೆಗಳ ಜೊತೆ ಟ್ರಸ್ಟ್, ಸೊಸೈಟಿ, ಸರ್ಕಾರೇತರ ಸಂಸ್ಥೆಗಳನ್ನೂ ಅದು ಹೆಸರು ಹೇಳಿ ಸೇರಿಸಿದೆ. ‘ನಮ್ಮದು ಸೇವಾ ಸಂಸ್ಥೆ, ಇಲ್ಲೆಲ್ಲ ಅಣ್ಣ-ತಂಗಿಯರ ಹಾಗೆ’ ಎಂಬ ಮಾತಿಗೆ ಅಲ್ಲಿ ಬೆಲೆಯಿಲ್ಲ. ಸಮಿತಿಗೆ ಹಿರಿಯ ಮಹಿಳಾ ನೌಕರರೊಬ್ಬರು ಅಧ್ಯಕ್ಷೆ, ಅರ್ಧಕ್ಕೆ ಕಡಿಮೆಯಿಲ್ಲದೆ ಹೆಂಗಸರು, ಹೊರಗಿನಿಂದ ಒಬ್ಬ ಸದಸ್ಯರು. ಆ ಹೊರಗಿನವರಿಗೆ ನಿಯಮದಲ್ಲಿ ಬರೆದ ಭತ್ಯೆ ದಿನಕ್ಕೆ 200 ರೂಪಾಯಿ ಮತ್ತು ಪ್ರಯಾಣದ ಖರ್ಚು. ಸಮಿತಿ ಮಾಡದಿದ್ದರೆ ದಂಡ 50,000. ವರ್ಷಕ್ಕೆ ನಾಲ್ಕು ದಿನ ಹಿಡಿದರೆ 800, ಪ್ರಯಾಣ 1,200, ನೌಕರರಿಗೆ ಒಂದು ದಿನದ ತರಬೇತಿ 5,000, ಒಟ್ಟು 7,000. ಏಳು ವರ್ಷದ ಸಮಿತಿಯ ಖರ್ಚು ಒಂದು ದಂಡಕ್ಕೆ ಹೆಚ್ಚುಕಡಿಮೆ ಸಮ.

ಹತ್ತಕ್ಕಿಂತ ಕಡಿಮೆ ಜನರಿರುವಲ್ಲಿ, ಅಂದರೆ ನಮ್ಮ ಪೇಟೆಯ ಹೆಚ್ಚಿನ ಅಂಗಡಿಗಳಲ್ಲಿ, ದೂರು ಹೋಗಬೇಕಾದದ್ದು ಜಿಲ್ಲೆಯ ಸ್ಥಳೀಯ ಸಮಿತಿಗೆ. ಸುಳ್ಯದಿಂದ ಮಂಗಳೂರಿಗೆ ಹೋಗಿಬರುವುದು ಇಡೀ ದಿನದ ಕೆಲಸ. ಅದಕ್ಕೇ ಕಾಯ್ದೆ ಪ್ರತಿ ತಾಲೂಕಿಗೂ ನೋಡಲ್ ಅಧಿಕಾರಿ ಇರಬೇಕು, ಅವರು ದೂರು ಪಡೆದು ಏಳು ದಿನದೊಳಗೆ ಸಮಿತಿಗೆ ಕಳಿಸಬೇಕು ಎನ್ನುತ್ತದೆ. ನಿಮ್ಮ ತಾಲೂಕಿನ ಅಧಿಕಾರಿಯ ಹುದ್ದೆ, ಫೋನ್ ಸಂಖ್ಯೆಯನ್ನು ಅಂಗಡಿಯ ಗೋಡೆಗೆ ಅಂಟಿಸಲು ಒಂದು ಹಾಳೆ ಸಾಕು.

ಮುಟ್ಟಿನ ರಜೆಯನ್ನೂ ಲೆಕ್ಕಕ್ಕೆ ಸೇರಿಸೋಣ, ಅದರ ಬಗ್ಗೆಯೇ ಹೆಚ್ಚು ಗೊಣಗಾಟ. ಸರ್ಕಾರಿ, ಖಾಸಗಿ ಎರಡೂ ಕಡೆ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ ಸಂಬಳಸಹಿತ ರಜೆಯ ನೀತಿಗೆ ರಾಜ್ಯ ಸಚಿವ ಸಂಪುಟ 2025ರ ಅಕ್ಟೋಬರ್ 9ರಂದು ಒಪ್ಪಿತು. 15,000 ಸಂಬಳದ ಎಂಟು ಹೆಂಗಸರಿಗೆ ಲೆಕ್ಕ ಹಾಕಿದರೆ 48,000. ಇದು ಕೈಯಿಂದ ಹೋಗುವ ಹೊಸ ಹಣವಲ್ಲ, ಹೇಗೂ ಕೊಡುವ ಸಂಬಳದ ಒಂದು ಭಾಗ.

ಈಗ ಕೂಡಿಸೋಣ. ಹನ್ನೆರಡು ನೌಕರರಿರುವ, ವರ್ಷಕ್ಕೆ 36 ಲಕ್ಷ ಖರ್ಚು ಮಾಡುವ ಒಂದು ಸಂಸ್ಥೆ ಎಂದು ಊಹಿಸಿ. ಕಟ್ಟಡದ ಬಾಬ್ತು 6,230. ಕೂಲಿ ಮಾಡುವ ಮೂವರು ಸದಸ್ಯರಿಗೆ ಆರು ಸಭೆಯ ಭತ್ಯೆ 6,660. ಇಬ್ಬರು ಅಂಗವಿಕಲ ಸದಸ್ಯರಿಗೆ ಮನೆಯಿಂದ ಆಟೋ, ಸಭೆಗೆ 500ರಂತೆ 6,000. ಆಂತರಿಕ ಸಮಿತಿ 7,000. ಒಟ್ಟು 25,890. ನೂರು ರೂಪಾಯಿ ಖರ್ಚಿನಲ್ಲಿ 72 ಪೈಸೆ. ಮುಟ್ಟಿನ ರಜೆಯನ್ನೂ ಸೇರಿಸಿದರೆ 73,890, ನೂರಕ್ಕೆ ಎರಡು ರೂಪಾಯಿ ಐದು ಪೈಸೆ.

ಸರ್ಕಾರ ಸ್ಥಳೀಯ ಸಂಸ್ಥೆಗಳಿಗೆ ಇದಕ್ಕಿಂತ ಹೆಚ್ಚು ಕಡ್ಡಾಯ ಮಾಡಿದೆ. ಪಂಚಾಯತ್ ನಿಧಿಯಲ್ಲಿ ಶೇ. 5 ಅಂಗವಿಕಲರಿಗೆ ಮೀಸಲು. ಪಂಚಾಯತಿಗೊಬ್ಬರಂತೆ ಇರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ ಅಂಗವಿಕಲರೇ. ಸೈಡ್‌ವೀಲ್ ಸ್ಕೂಟರಿನಲ್ಲಿ ಮನೆಮನೆ ಸುತ್ತುವ ಇವರಿಗೆ ಯಾರ ಮನೆಗೆ ಪಾಲ ಬೇಕು, ಯಾರಿಗೆ ಕುರ್ಚಿ ಬೇಡ ಎನ್ನುವುದು ಯಾವ ಟ್ರಸ್ಟಿಗಿಂತಲೂ ಚೆನ್ನಾಗಿ ಗೊತ್ತು. ದತ್ತಿ ಸಂಸ್ಥೆಗಳ ಮಂಡಳಿಗೆ ಮೊದಲು ಕರೆಯಬೇಕಾದವರು ಇವರು.

ಸೆಪ್ಟೆಂಬರ್ ಬಂದರೆ ಸಹಕಾರಿ ಸಂಘಗಳ ವಾರ್ಷಿಕ ಮಹಾಸಭೆ ಶುರು, ಟ್ರಸ್ಟುಗಳ ಲೆಕ್ಕಪತ್ರವೂ ಆ ಹೊತ್ತಿಗೆ ತಯಾರಾಗಿರುತ್ತದೆ. ವರದಿ ಪುಸ್ತಕ ಕೈಗೆ ಬಂದಾಗ ಕೊನೆಯ ಪುಟಗಳಲ್ಲಿ ಆಯವ್ಯಯ ಇರುತ್ತದೆ. ‘ಸಮಾರಂಭ ಖರ್ಚು’ ಎಂಬ ಸಾಲನ್ನು ನೋಡಿ. ಅದರ ಕೆಳಗೆ ಸದಸ್ಯರ ಭತ್ಯೆ, ಪ್ರಯಾಣ, ಇಳಿಜಾರು, ಆಂತರಿಕ ಸಮಿತಿಗೆ ಎಂದು ಒಂದು ಸಾಲು ಸೇರಿಸುವಂತೆ ಎದ್ದು ನಿಂತು ಕೇಳಿ. ಮೊತ್ತ ಎಷ್ಟು ಎಂದು ಅಧ್ಯಕ್ಷರು ಕೇಳಿದರೆ ನೂರಕ್ಕೆ ಒಂದು ರೂಪಾಯಿ ಸಾಕು ಎನ್ನಿ. 28 ಪೈಸೆ ಉಳಿಯುತ್ತದೆ.